ಸದ್ದಿಲ್ಲದೆ ಇಳಿಯುವುದು

ಕಣ್ಣು ಮಂಜಾದ ಮೇಲೆ ಮನ್ನೂಬಿಯಾ ಅಜ್ಜಿಯ ಯಜಮಾನಿಕೆಯೆಲ್ಲ ಕಿವಿಯಲ್ಲೇ ನಡೆಯುತ್ತಿತ್ತು. ಬೀದಿಯಿಂದ ಮನೆಗೆ ಹತ್ತಿ ಬರುವ ಮೆಟ್ಟಿಲ ಮೇಲೆ ಯಾರು ಕಾಲಿಟ್ಟರೂ ಅವಳು ಮಂಚದ ಮೇಲೆ ಕೂತಲ್ಲಿಂದಲೇ ಹೆಸರು ಹೇಳುತ್ತಿದ್ದಳು. ಮಗ ರಿದಾ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಬೂಟಿನ ಮರಳನ್ನು ಮೆಟ್ಟಿಲಿಗೆ ಕುಟ್ಟುತ್ತ ಬರುತ್ತಿದ್ದ. ಸೊಸೆ ನಜಾತ್ ಬಂದರೆ ತರಕಾರಿ ಚೀಲ ಗೋಡೆಗೆ ಉಜ್ಜುತ್ತಿತ್ತು. ಹದಿನಾರರ ಮೊಮ್ಮಗಳು ಮೈಸಾ ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಳು.

ಮಗಳು ರೌದಾ ಬರುವುದು ಅಜ್ಜಿಗೆ ಮಾತ್ರವಲ್ಲ, ಕೇರಿಗೇ ಗೊತ್ತಾಗುತ್ತಿತ್ತು. ಒಳ್ಳೆಯ ಕಾಲನ್ನು ಮೇಲಿಡಬೇಕು, ಕೆಟ್ಟ ಕಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳಬೇಕು, ಒಂದು ಉಸಿರು ತೆಗೆದುಕೊಂಡು ಮುಂದಿನ ಮೆಟ್ಟಿಲು. ಟಕ್, ಸರ್ರ್. ಟಕ್, ಸರ್ರ್. ಹೊಲಿಗೆ ಕಾರ್ಖಾನೆಯಿಂದ ಅವಳು ಹತ್ತಿ ಬರುವಾಗ ಹಿಂದಿನಿಂದ ಮೈಸಾ ಬಂದರೆ, "ಜಾಗ ಬಿಡು ಅತ್ತೆ" ಎಂದು ಗೋಡೆಗೆ ಒತ್ತಿಕೊಂಡು ದಾಟಿ ಓಡುವಳು. ಅತ್ತೆ ಮೇಲೆ ತಲುಪುವ ಹೊತ್ತಿಗೆ ಹುಡುಗಿ ಕೈ ತೊಳೆದು ತಟ್ಟೆಯ ಮುಂದೆ ಕೂತಿರುತ್ತಿದ್ದಳು.

ರಂಜಾನ್‌ಗೆ ಇನ್ನೂ ಒಂದು ತಿಂಗಳಿರುವಾಗ, ಒಂದು ಸಂಜೆ ಹಾಗೆ ಕೂತೇ ಮೈಸಾ ಸುದ್ದಿ ಹೇಳಿದಳು.

"ಈ ಸಲ ರಂಜಾನ್‌ನಲ್ಲಿ ಹುಡುಗೀರಿಗೂ ಮತ್ತೆ ಕೇರಿ ಪಂದ್ಯ ಇದೆ. ಹ್ಯಾಂಡ್‌ಬಾಲ್. ನಮ್ಮ ಬಂದರು ಕೇರಿಗೆ ಎಡಗಡೆಯಿಂದ ಹಾರಿ ಹೊಡೆಯೋದು ನಾನೇ. ಆಟ ಕಲಿಸೋ ಸೀ ಹಾತೆಮ್ ಅವರೇ ಹೇಳಿಬಿಟ್ರು."

ರಿದಾ ಹುರಿದ ಸಾರ್ಡೀನ್ ಮೀನನ್ನು ರೊಟ್ಟಿಯೊಳಗೆ ಮಡಚುತ್ತ ನಕ್ಕ. "ಹಾತೆಮ್‌ಗೆ ಕಣ್ಣಿದೆ ಅಂತಾಯ್ತು. ನನ್ನ ತಂಗಿ ಆಡಿದ ಜಾಗದಲ್ಲಿ ಈಗ ನನ್ನ ಮಗಳು."

"ಅದೇ ಜಾಗದಲ್ಲಿ ನಿಮ್ಮ ತಂಗಿಗೆ ಏನಾಯ್ತು, ಅದನ್ನೂ ಹೇಳಿ" ಎಂದಳು ನಜಾತ್.

"ಅದು ಕಣ್ಣು ತಾಗಿದ್ದು" ಎಂದಳು ಅಜ್ಜಿ ಮಂಚದಿಂದ. "ಮೇಲಿನ ಕೇರಿಯವರ ಕಣ್ಣು. ನಾನು ಅವತ್ತೇ ಹೇಳಿದ್ದೆ."

"ಅಮ್ಮಾ, ಕಣ್ಣು ತಾಗಿದ್ರೆ ತಲೆ ನೋಯುತ್ತೆ. ಮೊಣಕಾಲೊಳಗಿನ ನಾರು ಹರಿಯಲ್ಲ." ರೌದಾ ಮೀನಿನ ಮುಳ್ಳು ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸಿದ್ದಳು. "ಎಲ್ಲಿ ಆಡಿಸ್ತಾರೆ ಮೈಸಾ?"

"ಹಳೇ ಶಾಲೆ ಅಂಗಳದಲ್ಲಿ."

"ಹೊತ್ತು?"

"ಇನ್ಯಾವ ಹೊತ್ತು ಅತ್ತೆ? ಬಾಂಗಿಗೆ ಮುಂಚೆ. ಎಲ್ಲ ಕೇರಿ ಪಂದ್ಯನೂ ಆಗಲೇ ಅಲ್ವಾ ನಡೆಯೋದು."

ರೌದಾ ತಟ್ಟೆ ಸರಿಸಿ ಎದ್ದಳು. ಆ ರಾತ್ರಿ ಅವಳ ತಟ್ಟೆಯ ಮೀನನ್ನು ಬೆಕ್ಕು ತಿಂದಿತು.

ನಮ್ಮ ಮಹ್ದಿಯಾ ಊರಿನಲ್ಲಿ ಕೇರಿ ಪಂದ್ಯಕ್ಕೆ ಒಂದು ಪದ್ಧತಿಯಿದೆ. ಉಪವಾಸದ ಕೊನೆಯ ಗಂಟೆಯನ್ನು ಕಳೆಯುವುದೇ ಕಷ್ಟವಾದ್ದರಿಂದ ಆ ಹೊತ್ತಿಗೇ ಆಟ. ಬೆಳಗಿನ ಜಾವದಿಂದ ಯಾರೂ ಒಂದು ಗುಟುಕು ನೀರು ಕುಡಿದಿರುವುದಿಲ್ಲ. ಆಟಕ್ಕೆ ಮೊದಲು ಓಡಿ ಮೈ ಬಿಸಿಮಾಡಿಕೊಂಡರೆ ಗಂಟಲು ಒಣಗುತ್ತದೆ, ಇರುವ ಶಕ್ತಿ ಅಲ್ಲೇ ಮುಗಿಯುತ್ತದೆ ಎಂದು ಅಜ್ಜಂದಿರ ಕಾಲದಿಂದ ಎಲ್ಲರ ಲೆಕ್ಕ. ಹಾಗಾಗಿ ಗೋಡೆಯ ನೆರಳಲ್ಲಿ ಅಲ್ಲಾಡದೆ ಕೂತಿದ್ದವರು ಸೀಟಿ ಊದಿದ ಕೂಡಲೇ ಎದ್ದು ಸೀದಾ ಅಂಗಳಕ್ಕೆ ಇಳಿದು ಹಾರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ರೌದಾ ಹಾಗೆಯೇ ಎದ್ದು ಹೋಗಿ ಹಾರಿದ್ದಳು. ಚೆಂಡು ಬಲೆಯೊಳಗೆ ಹೋಗಿತ್ತು. ಅವಳು ನೆಲಕ್ಕೆ ಬಂದಿದ್ದಳು. ಯಾರೂ ಮುಟ್ಟಿರಲಿಲ್ಲ.

ಮಾರನೆಯ ವಾರ ಒಣಗಿದ ಬಟ್ಟೆ ತರಲು ರೌದಾ, ಮೈಸಾ ಇಬ್ಬರೂ ತಾರಸಿಗೆ ಹೋದರು. ಗಾಳಿಗೆ ಒಂದು ಹಾಸುಬಟ್ಟೆ ನೀರಿನ ತೊಟ್ಟಿಯ ಕಟ್ಟೆಗೆ ಸಿಕ್ಕಿಕೊಂಡಿತ್ತು. ಮೈಸಾ ಕಟ್ಟೆ ಹತ್ತಿ ಅದನ್ನು ಬಿಡಿಸಿಕೊಂಡು ಕೆಳಕ್ಕೆ ಹಾರಿದಳು. ದಡ್ ಎಂದು ಸದ್ದಾಯಿತು. ಕಾಲು ಕೋಲಿನಂತೆ ನೇರವಾಗಿತ್ತು. ನೆಲ ಮುಟ್ಟಿದ ಗಳಿಗೆಯಲ್ಲಿ ಮೊಣಕಾಲು ಒಳಕ್ಕೆ ವಾಲಿ ಇನ್ನೊಂದಕ್ಕೆ ತಾಗಿತು.

ರೌದಾಳ ಕೈಯಲ್ಲಿದ್ದ ಬಟ್ಟೆ ಕ್ಲಿಪ್ಪುಗಳು ಚೆಲ್ಲಿದವು.

"ಇನ್ನೊಂದು ಸಲ ಹಾರು."

"ಯಾಕೆ?"

"ಹಾರೇ."

ಮೈಸಾ ಹಾರಿದಳು. ಅದೇ ದಡ್. ಅದೇ ಮೊಣಕಾಲು, ಅದೇ ಒಳಕ್ಕೆ.

"ನೀನು ನನ್ನ ಥರಾನೇ ಇಳೀತೀಯ" ಎಂದಳು ರೌದಾ.

"ಅತ್ತೆ, ನಿನ್ನ ಕಾಲನ್ನ ತಂದು ನನಗೆ ಅಂಟಿಸಬೇಡ. ನೀನು ಆಡಕ್ಕಾಗ್ಲಿಲ್ಲ ಅಂತ ನಾನೂ ಆಡಬಾರದಾ?"

ಇಂಥ ಮಾತಿಗೆ ಬೇರೆಯವರಾಗಿದ್ದರೆ ಕೆನ್ನೆಗೆ ಕೊಡುತ್ತಿದ್ದರು. ರೌದಾ ಕ್ಲಿಪ್ಪು ಆರಿಸಲು ಬಗ್ಗಿದಳು. ಕೆಟ್ಟ ಕಾಲನ್ನು ಪಕ್ಕಕ್ಕೆ ಚಾಚಿ, ಒಂದು ಕೈಯಲ್ಲಿ ತೊಟ್ಟಿ ಹಿಡಿದು, ಒಂದೊಂದನ್ನೇ ಆರಿಸಿದಳು. ಅದನ್ನು ನೋಡುತ್ತ ನಿಂತ ಮೈಸಾಳ ಮುಖ ಸಣ್ಣದಾಯಿತು. ತಾನೇ ಬಗ್ಗಿ ಉಳಿದದ್ದನ್ನು ಬಾಚಿಕೊಂಡಳು.

"ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಫಿಸಿಯೋಥೆರಪಿಗೆ ಹೋಗಿದ್ನಲ್ಲ" ಎಂದಳು ರೌದಾ. "ಡಾಕ್ಟರಮ್ಮ ಕಾಲು ಹಿಡಿದು ನೋಡಿ, ಯಾರಾದ್ರೂ ಡಿಕ್ಕಿ ಹೊಡೆದ್ರಾ ಅಂತ ಕೇಳಿದ್ಳು. ಇಲ್ಲಮ್ಮ, ಹಾರಿ ಇಳಿದೆ ಅಷ್ಟೇ ಅಂದೆ. ನಿನಗೆ ಇಳಿಯೋದು ಯಾರೂ ಕಲಿಸಲಿಲ್ವಾ ಅಂದ್ಳು. ಹಾರೋದು ಕಲಿಸಿದ್ರು, ಇಳಿಯೋದು ಯಾರು ಕಲಿಸ್ತಾರೆ ಅಂದೆ. ಆ ಡಾಕ್ಟರ್ ಹುಡುಗಿ ನಗಲಿಲ್ಲ. ಇಷ್ಟು ವರ್ಷ ಹಣೆಬರಹ ಅಂತ ನಿದ್ದೆ ಮಾಡ್ತಿದ್ದೆ ಕಣೇ. ಅವತ್ತಿಂದ ಅದೂ ಹೋಯ್ತು."

ಮೈಸಾ ಸ್ವಲ್ಪ ಹೊತ್ತು ಹಾಸುಬಟ್ಟೆ ಮಡಚಿದಳು.

"ಮತ್ತೆ ಹೇಗೆ ಇಳೀಬೇಕಂತೆ?"

ಹೀಗೆ ತಾರಸಿಯ ಪಾಠ ಶುರುವಾಯಿತು. ಮೊದಲು ಎರಡು ಕಾಲಲ್ಲಿ ಹಾರಿ, ಕುರ್ಚಿಯ ಮೇಲೆ ಕೂರುವವರ ಹಾಗೆ ಸೊಂಟ ಬಗ್ಗಿಸಿ ಇಳಿಯುವುದು. ಮೊಣಕಾಲು ಕಾಲ್ಬೆರಳಿನ ನೇರಕ್ಕೆ ಇರಬೇಕು, ಒಳಕ್ಕೆ ವಾಲಬಾರದು. ಆಮೇಲೆ ಒಂದು ಕಾಲಲ್ಲಿ. ಪಾತ್ರೆ ತೊಳೆಯುವಾಗಲೂ ಒಂಟಿ ಕಾಲಲ್ಲಿ ನಿಲ್ಲುವುದು. ಮಂಡಿಯೂರಿ ಕೂತು, ಅತ್ತೆ ಹಿಂದಿನಿಂದ ಎರಡೂ ಹಿಮ್ಮಡಿ ಹಿಡಿದುಕೊಂಡಿರುವಾಗ ಮೈಯನ್ನು ಮೆಲ್ಲಗೆ ಮುಂದಕ್ಕೆ ಬಿಡುವುದು. ಇದು ಒಂದು ದಿನದ ಔಷಧಿಯಲ್ಲ, ವಾರಗಟ್ಟಲೆ ಮಾಡಬೇಕು ಎಂದು ಡಾಕ್ಟರಮ್ಮ ಹೇಳಿದ್ದಳು.

ಮೊದಲ ಗಲಾಟೆ ಅಜ್ಜಿಯದು. ತಾರಸಿಯ ಆ ಮೂಲೆ ಅವಳ ಮಂಚದ ನೆತ್ತಿಯ ಮೇಲಿತ್ತು.

"ಏನೇ ಅದು, ಮೇಲೆ ಕತ್ತೆ ಕಟ್ಟಿದ್ದೀರಾ? ಸುಣ್ಣ ಉದುರಿ ನನ್ನ ಚಹಾದಲ್ಲಿ ಬಿತ್ತು."

ರೌದಾ ಕೆಳಗಿಳಿದು ಬಂದು ತಾಯಿಯ ಪಕ್ಕ ಕೂತಳು. "ಅಮ್ಮಾ, ನಿನ್ನಿಂದ ಒಂದು ಕೆಲಸ ಆಗಬೇಕು. ನೀನು ಇಲ್ಲಿ ಕೂತು ಕೇಳು. ಸದ್ದು ಬಂದ್ರೆ ಅವಳು ತಪ್ಪು ಇಳಿದ್ಳು ಅಂತ. ಬಗ್ಗಿ ಸರಿಯಾಗಿ ಇಳಿದ್ರೆ ಬೆಕ್ಕು ಇಳಿದ ಹಾಗೆ, ಸದ್ದೇ ಬರಲ್ಲ. ನಾನು ಕಣ್ಣಲ್ಲಿ ನೋಡ್ತೀನಿ, ನೀನು ಕಿವಿಯಲ್ಲಿ ನೋಡು."

"ಕಣ್ಣು ತಾಗದ ಹಾಗೆ ಧೂಪ ಹಾಕೋದು ಮಾತ್ರ ಬಿಡಲ್ಲ ನಾನು."

"ಧೂಪನೂ ಹಾಕು."

ಅವತ್ತಿನಿಂದ ಅಜ್ಜಿಯ ಊರುಗೋಲಿಗೆ ಕೆಲಸ ಬಂತು. ಸದ್ದಾದರೆ ಗೋಡೆಗೆ ಬಡಿಯುವಳು. ಮೊದಲ ದಿನಗಳಲ್ಲಿ ಊರುಗೋಲು ಸುಮ್ಮನಿರಲೇ ಇಲ್ಲ. ಬರಬರುತ್ತ ಬಡಿತ ಅಪರೂಪವಾಯಿತು. ಒಂದು ಸಂಜೆ ಅಜ್ಜಿ ಅಡುಗೆಮನೆಗೆ ಕೂಗಿದಳು: "ನಜಾತ್, ಹುಡುಗಿ ಹಾರ್ತಿದ್ದಾಳಾ, ಇಲ್ಲ ಮೊಬೈಲ್ ನೋಡ್ತಾ ಕೂತಿದ್ದಾಳಾ? ಒಂದೂ ಕೇಳಿಸ್ತಿಲ್ಲ."

"ಹಾರ್ತಿದ್ದಾಳೆ ಅಮ್ಮ" ಎಂದಳು ನಜಾತ್, ತಾರಸಿಯ ಮೆಟ್ಟಿಲತ್ತ ಕತ್ತೆತ್ತಿ. ಅವಳ ದನಿಯಲ್ಲಿ ಸಂತೋಷವಿರಲಿಲ್ಲ. ಇಷ್ಟೆಲ್ಲ ಮಾಡಬೇಕಾದ ಆಟ ಯಾಕೆ ಬೇಕು ಎಂಬುದು ಅವಳ ಪ್ರಶ್ನೆ. ಗಂಡನಿಗೆ ಅದನ್ನು ದಿನಕ್ಕೊಂದು ಸಲ ಕೇಳುತ್ತಿದ್ದಳು. ಗಂಡ ದಿನಕ್ಕೊಂದು ಸಲ, "ಆಡಲಿ ಬಿಡೇ" ಎನ್ನುತ್ತಿದ್ದ.

ರಂಜಾನ್ ಬಂತು. ನಜಾತ್ ಪ್ರತಿ ವರ್ಷದಂತೆ ಬೆಳಿಗ್ಗೆಯಿಂದಲೇ ಕೆಂಡದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಮಲ್ಸೂಕಾ ಹಾಳೆಗಳನ್ನು ಮಾಡಿ ಮಾರತೊಡಗಿದಳು. ಹಿಟ್ಟಿನ ಮುದ್ದೆಯನ್ನು ಬಿಸಿ ತಾಮ್ರಕ್ಕೆ ಮುಟ್ಟಿಸಿ ಮುಟ್ಟಿಸಿ ತೆಗೆದರೆ ಕಾಗದದಂಥ ಹಾಳೆ ಬರುತ್ತದೆ. ಅದರಲ್ಲಿ ಮೊಟ್ಟೆ ಒಡೆದು ಹಾಕಿ ಮಡಚಿ ಕರಿದರೆ ಬ್ರೀಕ್. ಬ್ರೀಕ್ ಇಲ್ಲದೆ ನಮ್ಮಲ್ಲಿ ಯಾರೂ ಉಪವಾಸ ಬಿಡುವುದಿಲ್ಲ. ಕೊಳ್ಳಲು ಬಂದ ಹೆಂಗಸರೆಲ್ಲ, "ನಿಮ್ಮ ಹುಡುಗಿ ಆಡ್ತಾಳಂತೆ" ಎನ್ನುವರು. ನಜಾತ್ ಪ್ರತಿ ಸಲವೂ ಬೆರಳು ಸುಟ್ಟುಕೊಂಡವಳಂತೆ ಕೈ ಕೊಡವುವಳು.

ಮೊದಲ ಪಂದ್ಯದ ದಿನ ರೌದಾ ಕಾರ್ಖಾನೆಯಿಂದ ಸೀದಾ ಶಾಲೆಯ ಅಂಗಳಕ್ಕೆ ಹೋದಳು. ಎದುರಾಳಿ ಮೇಲಿನ ಕೇರಿ; ಹುಡುಗಿಯರ ತಂಡವಿದ್ದದ್ದೇ ಈ ಎರಡು ಕೇರಿಗಳಲ್ಲಿ, ಹಾಗಾಗಿ ಈ ಪಂದ್ಯ, ಆಮೇಲೆ ಫೈನಲ್, ಎರಡೂ ಇವರ ನಡುವೆಯೇ. ಹುಡುಗಿಯರೆಲ್ಲ ಗೋಡೆಗೊರಗಿ, ತುಟಿ ಒಣಗಿಸಿಕೊಂಡು ಕೂತಿದ್ದರು. ಮೈಸಾ ಅವರ ನಡುವೆ ಕೂತಿದ್ದಳು.

"ಏಳು" ಎಂದಳು ರೌದಾ ಬೇಲಿಯ ಆಚೆಯಿಂದ. "ತಾರಸಿಯಲ್ಲಿ ಮಾಡಿದ್ದನ್ನ ಇಲ್ಲಿ ಮಾಡು."

ಮೈಸಾ ಕೇಳಿಸದವಳಂತೆ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಪಕ್ಕದ ಹುಡುಗಿ ಏನೋ ಹೇಳಿ ನಕ್ಕಳು. ಅಷ್ಟರಲ್ಲಿ ಸೀ ಹಾತೆಮ್ ಬಂದ. ಬಾಳೆಲ್ಲ ಕೇರಿಯ ಮಕ್ಕಳಿಗೆ ಆಟ ಕಲಿಸಿದವನು, ಒಳ್ಳೆಯ ಮನುಷ್ಯ.

"ರೌದಾ, ಉಪವಾಸದ ಮಕ್ಕಳು. ಇರೋ ಉಸಿರನ್ನ ಆಟಕ್ಕೆ ಉಳಿಸಿಕೊಳ್ಳಲಿ. ಬಿಸಿಲೇ ಬಿಸಿ ಮಾಡಿದೆಯಲ್ಲ ಅವರನ್ನ."

"ಬಿಸಿಲು ತಲೆ ಬಿಸಿ ಮಾಡುತ್ತೆ ಸೀ ಹಾತೆಮ್. ಕಾಲನ್ನಲ್ಲ."

ಅವನು ನಕ್ಕು ಸೀಟಿ ಊದಿದ.

ರೌದಾ ಬೇಲಿಯ ತಂತಿ ಹಿಡಿದು ನಿಂತಳು. ಮೈಸಾ ಹಾರಿದಾಗಲೆಲ್ಲ ಅವಳ ಬೆರಳು ತಂತಿಯೊಳಗೆ ಹೂತು ಹೋಗುತ್ತಿದ್ದವು. ಒಂದು, ಇನ್ನೊಂದು, ಮತ್ತೊಂದು. ಹುಡುಗಿ ಇಳಿಯುತ್ತಿದ್ದಳು, ಏಳುತ್ತಿದ್ದಳು, ಓಡುತ್ತಿದ್ದಳು. ಆಟ ಕೊನೆಗೆ ಬರುತ್ತಿರುವಾಗ ಮೇಲಿನ ಕೇರಿಯ ಹುಡುಗಿಯೊಬ್ಬಳು ಚೆಂಡು ಹಿಡಿದು ಓಡಿ ಬಂದು, ಮೈಸಾಳನ್ನು ತಪ್ಪಿಸಲು ಒಮ್ಮೆಲೇ ಪಕ್ಕಕ್ಕೆ ತಿರುಗಿದಳು. ಅಬೀರ್ ಎಂದು ಅವಳ ಹೆಸರು, ಮೀನು ಮಾರುವವನ ಮಗಳು. ಕಾಲು ಅಲ್ಲೇ ಉಳಿಯಿತು, ಮೈ ತಿರುಗಿತು. ಹಸಿ ಕಡ್ಡಿ ಮುರಿದಂಥ ಸದ್ದು ಬಂತು. ಅಂಗಳದ ಗದ್ದಲದಲ್ಲಿ ಬಹಳ ಜನಕ್ಕೆ ಅದು ಕೇಳಿಸಲಿಲ್ಲ. ರೌದಾ ಮಾತ್ರ ಬೇಲಿಯ ಆಚೆ ಹಾಗೇ ಕುಸಿದು ಕೂತಳು.

ಅವತ್ತು ಬಾಂಗ್ ಆದ ಮೇಲೆ ಎಲ್ಲರೂ ಖರ್ಜೂರ ಬಾಯಿಗಿಟ್ಟರು. ನಜಾತ್ ಬಿಸಿ ಸಾರಿನಂಥ ಶೋರ್ಬಾ ಬಡಿಸಿದಳು. ಬ್ರೀಕ್ ಬಡಿಸಿದಳು. ಆಮೇಲೆ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

"ಮುಗೀತು. ನಾಳೆಯಿಂದ ಮೈಸಾ ಆಡಲ್ಲ."

"ಇನ್ನು ಫೈನಲ್ ಒಂದೇ ಇರೋದು ಕಣೇ" ಎಂದ ರಿದಾ ಮೆಲ್ಲಗೆ.

"ಅಬೀರ್ ತಾಯಿ ನನ್ನ ಹತ್ತಿರಾನೇ ಮಲ್ಸೂಕಾ ತಗೊಂಡಿದ್ಳು ಬೆಳಿಗ್ಗೆ. ಮಗಳಿಗೆ ಇಷ್ಟ ಅಂತ ಎರಡು ಹಾಳೆ ಹೆಚ್ಚಿಗೆ ತಗೊಂಡ್ಳು. ಈಗ ಆಸ್ಪತ್ರೆಯಲ್ಲಿ ಕೂತು ಉಪವಾಸ ಬಿಡ್ತಿದ್ದಾಳೆ. ನಿಮಗೆ ಫೈನಲ್ ಬೇಕಾ?"

ಎಲ್ಲರೂ ಮೈಸಾಳ ಕಡೆ ನೋಡಿದರು, ಕೂಗಾಡುತ್ತಾಳೆ ಎಂದು. ಮೈಸಾ ಬ್ರೀಕಿನ ಮೊಟ್ಟೆಯನ್ನು ಬೆರಳಲ್ಲಿ ಒತ್ತುತ್ತಿದ್ದಳು.

"ನಂಗೂ ಬೇಡ" ಎಂದಳು.

ಆಟ ಬಿಡಿಸಬೇಕೆಂದಿದ್ದ ನಜಾತಳಿಗೇ ಆ ಮಾತು ಹಿಡಿಸಲಿಲ್ಲ. ಹುಡುಗಿ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಮುಂದಿನ ದಿನಗಳಲ್ಲಿ ಮನೆ ಬದಲಾಯಿತು. ಮೈಸಾ ಮೆಟ್ಟಿಲನ್ನು ಒಂದೊಂದಾಗಿ, ಗೋಡೆ ಹಿಡಿದು ಇಳಿಯತೊಡಗಿದಳು. ರೊಟ್ಟಿ ತರಲು ಕಳಿಸಿದರೆ ಚರಂಡಿ ಹಾರದೆ ಸುತ್ತು ಹಾಕಿ ಹೋಗುವಳು. ಅಜ್ಜಿ ಎರಡು ಸಲ ಅವಳ ಹೆಜ್ಜೆಯನ್ನು ರೌದಾಳದೆಂದು ತಪ್ಪು ತಿಳಿದಳು. ಎರಡನೆಯ ಸಲ ತಪ್ಪು ಗೊತ್ತಾದಾಗ ಜಪಮಣಿ ಎಣಿಸತೊಡಗಿದಳು.

ಉಪವಾಸ ಬಿಟ್ಟು ಊಟ ಅರಗಿದ ಮೇಲೆ ರೌದಾಳೇ ಬಲವಂತ ಮಾಡಿ ಒಂದು ದಿನ ತಾರಸಿಗೆ ಕರೆದುಕೊಂಡು ಹೋದಳು. ಮೈಸಾ ಕಟ್ಟೆ ಹತ್ತಿದಳು, ಕೆಳಗೆ ನೋಡಿದಳು, ಹಾರಿದಳು. ದಡ್. ಕೆಳಗಿನಿಂದ ಊರುಗೋಲು ಬಡಿಯಿತು. ಮತ್ತೆ ಹಾರಿದಳು. ದಡ್. ಈ ಸಲ ಊರುಗೋಲು ಬಡಿಯಲಿಲ್ಲ. ಅಜ್ಜಿಯ ದನಿಯೇ ಬಂತು.

"ರೌದಾ, ಮಗು ಕಲ್ಲು ಬಿದ್ದ ಹಾಗೆ ಬೀಳ್ತಿದೆ."

ರೌದಾಳಿಗೆ ಆಗ ತಾನು ಮಾಡಿದ್ದು ಕಂಡಿತು. ಭಯಪಟ್ಟ ಕಾಲು ಬಗ್ಗುವುದಿಲ್ಲ. ನೆಲ ಹತ್ತಿರ ಬರುವ ಮೊದಲೇ ಬಿಗಿಯುತ್ತದೆ, ಬಿಗಿದ ಕಾಲೇ ಮುರಿಯುವುದು. ಹುಡುಗಿಗೆ ಇಳಿಯುವುದನ್ನು ಕಲಿಸುತ್ತ ಕಲಿಸುತ್ತ ತನ್ನ ಹೆದರಿಕೆಯನ್ನೂ ಅವಳ ಕಾಲಿಗೆ ತುಂಬಿದ್ದಾಯಿತು. ಈಗ ಅವಳು ಆಟ ಬಿಟ್ಟರೂ ಮೆಟ್ಟಿಲಿದೆ, ಚರಂಡಿಯಿದೆ, ಬಸ್ಸಿನ ಫುಟ್‌ಬೋರ್ಡಿದೆ; ಹೀಗೇ ಬಿಗಿದುಕೊಂಡು ಎಷ್ಟು ವರ್ಷ ಇಳಿಯುತ್ತಾಳೆ?

ರೌದಾ ಅಡುಗೆಮನೆಗೆ ಬಂದು ನಜಾತಳ ಎದುರು ಮಣೆ ಹಾಕಿಕೊಂಡು ಕೂತಳು. ನಜಾತ್ ಮಾರನೆಯ ದಿನದ ಮಲ್ಸೂಕಾಗೆ ರವೆ ಕಲೆಸುತ್ತಿದ್ದಳು.

"ಅತ್ತಿಗೆ, ಅವಳನ್ನ ಫೈನಲ್ ಆಡೋಕೆ ಬಿಡಿ."

ನಜಾತಳ ಕೈ ನಿಂತಿತು. "ನೀನು ಹೇಳ್ತಿದ್ದೀಯಾ ಇದನ್ನ?"

"ನಾನೇ."

"ಅವತ್ತು ಬೇಲಿ ಹತ್ತಿರ ಕುಸಿದು ಕೂತೋಳು ಯಾರು? ನಿನ್ನನ್ನ ಎಬ್ಬಿಸಿ ಕರ್ಕೊಂಡು ಬರೋಕೆ ಇಬ್ಬರು ಬೇಕಾಯ್ತಂತೆ."

"ಅದಕ್ಕೇ ಹೇಳ್ತಿರೋದು. ಅವಳೀಗ ನನ್ನ ಥರ ಮೆಟ್ಟಿಲು ಇಳೀತಿದ್ದಾಳೆ. ಕಾಲು ಸರಿಯಿದ್ದೂ ಹೀಗೆ ಇಳಿಯೋದಾದ್ರೆ ಸರಿಯಿದ್ದು ಏನು ಬಂತು? ಆದರೆ ಅವತ್ತಿನ ಹಾಗೆ ಬೇಡ. ಗೋಡೆಗೆ ಒರಗಿ ಕೂತಿದ್ದು ಸೀದಾ ಎದ್ದು ಹಾರೋದು ಬೇಡ. ಆಟಕ್ಕೆ ಮುಂಚೆ ಎಲ್ಲ ಹುಡುಗೀರೂ ಮೈ ಬಿಸಿ ಮಾಡಿಕೊಳ್ಳಬೇಕು, ಎರಡೂ ಕೇರಿಯವರು. ನಾನು ಹಾತೆಮ್ ಹತ್ತಿರ ಹೋಗ್ತೀನಿ."

"ಹಾಗೆ ಮಾಡಿದ್ರೆ ಏನೂ ಆಗಲ್ಲ ಅಂತ ನನ್ನ ಕೈ ಮೇಲೆ ಕೈಯಿಟ್ಟು ಹೇಳು."

"ಹೇಳಲ್ಲ. ಅಪಾಯ ಅರ್ಧಕ್ಕರ್ಧ ಕಮ್ಮಿ ಆಗುತ್ತೆ ಅಂದಿದ್ಳು ಡಾಕ್ಟರಮ್ಮ."

"ಇನ್ನರ್ಧ?"

"ಇನ್ನರ್ಧ ನಂಗೂ ಭಯಾನೇ ಅತ್ತಿಗೆ."

ನಜಾತ್ ರವೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. "ನಾನು ನೋಡೋಕೆ ಬರಲ್ಲ" ಎಂದಳು ಕೊನೆಗೆ. "ಬೇಕಾದ್ರೆ ಆಡಲಿ. ನಾನು ಬರಲ್ಲ."

ಸೀ ಹಾತೆಮ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬಂದರಿನ ಕಟ್ಟೆಯ ಮೇಲೆ ಬಲೆ ಹೆಣೆಯುವವರ ಮಧ್ಯೆ ಕೂತಿದ್ದ. "ಕಾಲು ಗಂಟೆ ಇದಕ್ಕೆ ಹೋದ್ರೆ ಆಟ ಯಾವಾಗ ಮುಗಿಯೋದು? ಬಾಂಗ್ ನನಗೋಸ್ಕರ ಕಾಯುತ್ತಾ?"

"ಆಟ ಗಿಡ್ಡ ಮಾಡಿ."

"ಫೈನಲ್ ಗಿಡ್ಡ ಮಾಡೋದಾ? ಜನ ನನ್ನನ್ನ ಸಮುದ್ರಕ್ಕೆ ಹಾಕ್ತಾರೆ."

"ನಿಮಗೆ ಈಜು ಬರುತ್ತೆ" ಎಂದಳು ರೌದಾ. ಬಲೆ ಹೆಣೆಯುವವರು ನಕ್ಕರು. ಅವಳು ನಗಲಿಲ್ಲ. "ಸೀ ಹಾತೆಮ್, ಅವತ್ತು ನನ್ನನ್ನ ಕೈಗಾಡಿ ಮೇಲೆ ಮನೆಗೆ ತಂದವರು ನೀವು. ಮೊನ್ನೆ ಅಬೀರ್‌ನ ಎತ್ತಿಕೊಂಡು ಹೋದವರೂ ನೀವೇ. ಮೂರನೇದವಳನ್ನ ಎತ್ತೋಕೆ ನಿಮ್ಮ ಸೊಂಟದಲ್ಲಿ ಶಕ್ತಿ ಇದೆಯಾ?"

ಹಾತೆಮ್ ಕೈಯಲ್ಲಿದ್ದ ಬಲೆಯ ಗಂಟನ್ನು ಬಿಚ್ಚುತ್ತ ಕೂತ. ಬಿಚ್ಚಿದ ಮೇಲೆ ಮತ್ತೆ ಕಟ್ಟಿದ.

"ಮೇಲಿನ ಕೇರಿಯವರನ್ನ ನಾನು ಒಪ್ಪಿಸ್ತೀನಿ" ಎಂದ. "ಹುಡುಗೀರ ಮುಂದೆ ನಿಂತು ಮಾಡಿಸೋಳು ನೀನು. ನನಗೆ ಅದೆಲ್ಲ ಬರಲ್ಲ."

ಅತ್ತೆಯೇ ಮುಂದೆ ನಿಂತು ಮೈ ಬಿಸಿ ಮಾಡಿಸುತ್ತಾಳೆಂದು ತಿಳಿದ ಮೇಲೆ ಮೈಸಾ ಬೂಟು ಹುಡುಕಿ ತೆಗೆದಳು. ಫೈನಲ್ ದಿನ ಮನೆಯಲ್ಲಿ ಉಳಿದವರು ಇಬ್ಬರೇ, ನಜಾತ್ ಮತ್ತು ಅಜ್ಜಿ. ರಿದಾ ಅಂಗಳಕ್ಕೆ ಹೋಗಿದ್ದವನು ಆಟದ ಮಧ್ಯೆ ಒಮ್ಮೆ ಫೋನ್ ಮಾಡಿದ.

"ಜನ ಏನು ಕೂಗ್ತಿದ್ರು ಗೊತ್ತಾ, ಮದುವೆ ಕುಣಿತ ಕಲಿಸ್ತಿದ್ದೀಯೇನಮ್ಮಾ ಅಂತ. ನಿನ್ನ ನಾದಿನಿ ಯಾರ ಮಾತೂ ಕೇಳಲಿಲ್ಲ. ಸಿಮೆಂಟ್ ಮೇಲೆ ಮಂಡಿಯೂರಿ ಒಬ್ಬೊಬ್ಬಳ ಹಿಮ್ಮಡಿನೂ ಹಿಡಿದು ಕೂತಿದ್ಳು."

"ಮೈಸಾ?"

"ಆಡ್ತಿದ್ದಾಳೆ. ಇನ್ನೂ ಹಾರಿಲ್ಲ. ಚೆಂಡು ಬಂದ ತಕ್ಷಣ ಬೇರೆಯವರಿಗೆ ಕೊಟ್ಟುಬಿಡ್ತಿದ್ದಾಳೆ."

ಫೋನ್ ಇಟ್ಟ ನಜಾತ್ ಬ್ರೀಕಿಗೆ ಮೊಟ್ಟೆ ತೆಗೆದಿಟ್ಟಳು. ಒಂದು ಕೈಜಾರಿ ಒಡೆಯಿತು. ಅಜ್ಜಿ ಧೂಪದ ಕುಂಡಕ್ಕೆ ಉಪ್ಪು ಹಾಕಿದಳು. ಉಪ್ಪು ಚಟಪಟ ಎಂದಿತು. ದೂರದಲ್ಲಿ, ಶಾಲೆಯ ಕಡೆಯಿಂದ, ಒಮ್ಮೆಲೇ ಜನರ ಕೂಗು ಎದ್ದು ನಿಂತುಹೋಯಿತು.

"ಯಾಕೆ ನಿಂತ್ಹೋಯ್ತು?" ಎಂದಳು ನಜಾತ್.

"ಗೋಲ್ ಆದ್ರೂ ನಿಲ್ಲುತ್ತೆ" ಎಂದಳು ಅಜ್ಜಿ.

"ಬೇರೆ ಏನಾದ್ರೂ ಆದ್ರೂ ನಿಲ್ಲುತ್ತೆ."

ನಜಾತ್ ಗಂಡನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಬಾಂಗ್ ಆಯಿತು. ಇಬ್ಬರ ಮುಂದೆಯೂ ಖರ್ಜೂರವಿತ್ತು, ಇಬ್ಬರೂ ಮುಟ್ಟಲಿಲ್ಲ. ಬೀದಿ ಖಾಲಿಯಾಯಿತು. ಒಂದೊಂದೇ ಮನೆಯಲ್ಲಿ ಚಮಚೆಯ ಸದ್ದು ಶುರುವಾಯಿತು.

ಆಮೇಲೆ ಕೆಳಗೆ ಬಾಗಿಲು ಕಿರುಗುಟ್ಟಿತು.

ಟಕ್, ಸರ್ರ್.

"ರೌದಾ" ಎಂದಳು ಅಜ್ಜಿ. ಎಂದವಳು ತಕ್ಷಣ ಕೈ ಎತ್ತಿ ಸೊಸೆಯನ್ನು ಸುಮ್ಮನಾಗಿಸಿದಳು. ಕತ್ತು ಓರೆ ಮಾಡಿ ಕೇಳಿದಳು. ಟಕ್, ಸರ್ರ್. ಅದರ ಜೊತೆಗೇ ಇನ್ನೊಂದು, ಅದೇ ನಿಧಾನ, ಅದೇ ಉಸಿರು, ಪ್ರತಿ ಮೆಟ್ಟಿಲಿಗೂ ನಿಂತು.

"ಇಬ್ಬರು ನಜಾತ್. ಇಬ್ಬರೂ ಹಾಗೇ ಹತ್ತುತ್ತಿದ್ದಾರೆ."

ನಜಾತಳ ಕೈಯಿಂದ ಸೌಟು ಬಿತ್ತು. ಅವಳು ಓಡಿದಳೋ ಗೋಡೆ ಹಿಡಿದು ಹೋದಳೋ ಅವಳಿಗೇ ತಿಳಿಯದು. ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡಿದಳು. ರೌದಾಳ ತೋಳು ಮೈಸಾಳ ಹೆಗಲ ಮೇಲಿತ್ತು. ಇಬ್ಬರೂ ಬಗ್ಗಿಕೊಂಡಿದ್ದರು. ಮಬ್ಬಿನಲ್ಲಿ ಯಾರು ಯಾರನ್ನು ಹಿಡಿದಿದ್ದಾರೆ ಎಂಬುದು ಕಾಣುತ್ತಿರಲಿಲ್ಲ. ಅವರ ಹಿಂದೆ ರಿದಾ ಎರಡು ಜೊತೆ ಬೂಟು ಹಿಡಿದುಕೊಂಡು ಬರುತ್ತಿದ್ದ.

"ಯಾವ ಕಾಲು?" ಎಂದಳು ನಜಾತ್. ಅಷ್ಟೇ ಬಾಯಿಗೆ ಬಂದದ್ದು.

ಮೈಸಾ ತಲೆಯೆತ್ತಿದಳು. "ನಂಗೇನಾಗಿಲ್ಲಮ್ಮ. ಅತ್ತೆದು ಊದಿಕೊಂಡಿದೆ. ಸಿಮೆಂಟ್ ಮೇಲೆ ಮಂಡಿಯೂರಿದ್ದಕ್ಕೆ."

"ಮತ್ತೆ ನೀನ್ಯಾಕೆ ಹೀಗೆ ಹತ್ತುತ್ತಿದ್ದೀಯ?"

"ಅತ್ತೆ ಹೀಗೇ ತಾನೇ ಹತ್ತೋದು. ಜೊತೇಲಿ ಬರಬೇಕಾದ್ರೆ ಇನ್ನು ಹೇಗೆ ಹತ್ತಲಿ?"

ನಜಾತ್ ಕೆಳಗಿಳಿದು ಬಂದು, ಮಗಳ ಎರಡೂ ಮೊಣಕಾಲನ್ನು, ಮೊದಲು ಒಂದನ್ನು ಆಮೇಲೆ ಇನ್ನೊಂದನ್ನು, ಹಣ್ಣು ನೋಡುವವರ ಹಾಗೆ ಒತ್ತಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಫೋನ್ ಯಾಕೆ ಎತ್ತಲಿಲ್ಲ?"

"ಎರಡು ಕೈಯಲ್ಲೂ ಬೂಟಿದ್ವು ಕಣೇ."

"ನಿಮಗೆ ಇವತ್ತು ಬ್ರೀಕ್ ಇಲ್ಲ" ಎಂದು ಅವಳು ಮೆಟ್ಟಿಲ ಮೇಲೇ ಕೂತು ಅತ್ತಳು.

ಒಳಗೆ ಬಂದ ಮೇಲೆ ರೌದಾಳ ಕಾಲನ್ನು ದಿಂಬಿನ ಮೇಲಿಟ್ಟು ಐಸು ಕಟ್ಟಿದರು. ಅಜ್ಜಿ ಕೊನೆಗೂ ಖರ್ಜೂರ ಬಾಯಿಗಿಟ್ಟು, "ಗೆದ್ರಾ?" ಎಂದಳು.

"ಒಂದು ಗೋಲಲ್ಲಿ ಸೋತ್ವಿ ಅಜ್ಜಿ."

"ಆ ಮೇಲಿನ ಕೇರಿಯವರಿಗೆ?"

"ಹೂಂ. ಅವರು ಅಬೀರ್ ಹೆಸರು ಹೇಳ್ಕೊಂಡು ಆಡಿದ್ರು."

"ಮತ್ತೆ ನೀನು? ಹಾರಿದೆಯಾ?"

ಮೈಸಾ ಉತ್ತರ ಹೇಳುವ ಮೊದಲೇ ರೌದಾ ಹೇಳಿದಳು. "ಕೊನೇಲಿ ಹಾರಿದ್ಳು. ಅಮ್ಮಾ, ಅಷ್ಟು ಜನ ಇದ್ರಲ್ಲ, ಎಲ್ಲರೂ ಬಲೆ ಕಡೆ ನೋಡ್ತಿದ್ರು. ನಾನು ಕಾಲನ್ನೇ ನೋಡಿದೆ. ನೀನಿದ್ದಿದ್ರೆ ಊರುಗೋಲು ಬಡೀತಿರಲಿಲ್ಲ."

ಊಟ ಅರ್ಧ ಆಗಿರುವಾಗ ಗಾಳಿ ಎದ್ದಿತು. ತಾರಸಿಯ ಮೇಲೆ ಬಟ್ಟೆ ಪಟಪಟ ಬಡಿಯತೊಡಗಿತು. "ನಾನು ತರ್ತೀನಿ" ಎಂದು ಮೈಸಾ ಎದ್ದು, ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು. ತೊಟ್ಟಿಯ ಕಟ್ಟೆಗೆ ಏನೋ ಸಿಕ್ಕಿಕೊಂಡಿರಬೇಕು. ಅವಳು ಅದನ್ನು ಹತ್ತುವ ಸದ್ದು ಕೇಳಿಸಿತು. ಕೆಳಗೆ ನಾಲ್ಕು ಜನರ ಚಮಚೆಗಳೂ ಒಟ್ಟಿಗೆ ನಿಂತವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ಮಾಡಿನ ಕಡೆಗೇ ಕಿವಿಯಿಟ್ಟಿದ್ದರು.

ಏನೂ ಕೇಳಿಸಲಿಲ್ಲ.

ಅಜ್ಜಿ ಊರುಗೋಲನ್ನು ಗೋಡೆಗೆ ಒರಗಿಸಿ ಶೋರ್ಬಾದ ಬಟ್ಟಲಿಗೆ ಮತ್ತೆ ಚಮಚೆ ಹಾಕಿದಳು. ರೌದಾ ಉಸಿರು ಬಿಟ್ಟಳು. ಆದರೆ ನಜಾತಳಿಗೆ ಆ ಮೌನವನ್ನು ಅಷ್ಟು ಸುಲಭವಾಗಿ ನುಂಗಲಾಗಲಿಲ್ಲ. ಸ್ವಲ್ಪ ಹೊತ್ತು ಕಾದಳು, ತಡೆಯಲಾಗದೆ ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದಳು.

"ಮೈಸಾ?"

"ಏನಮ್ಮಾ?" ಎಂದಿತು ಮೇಲಿನಿಂದ, ಬಟ್ಟೆಗಳ ಮಧ್ಯದಿಂದ, ದನಿ.